ನಾರ್ವೆಯ ಕಾಲುದಾರಿ, ನಮ್ಮೂರ ಬೇಲಿ

ನಾನು ಎಲ್ಲಿಗೆ ಹೋದರೂ ಜಗಳ ನನಗಿಂತ ಮೊದಲ ಬಸ್ಸಿಗೆ ಹೋಗಿ ಕುಂತಿರುತ್ತದೆ. ನಂಜನಗೂಡಿಗೆ ಹೋದರೂ ಅಷ್ಟೆ, ನರಸೀಪುರಕ್ಕೆ ಹೋದರೂ ಅಷ್ಟೆ. ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಸಿಗುತ್ತದೆ, ಸಾವಿನ ಮನೆಗೆ ಹೋದರೆ ಗುಂಡಿ ತೋಡುವ ಜಾಗದಲ್ಲಿ ಸಿಗುತ್ತದೆ. ಮೂವತ್ತು ವರ್ಷದಿಂದ ಹೀಗೇ ನಡೆದಿದೆ. ಜಗಳ ನನಗಾಗಿ ಕಾಯದೆ ಇದ್ದ ಜಾಗ ಒಂದೇ, ಅದು ನಾರ್ವೆ ದೇಶ. ಅಲ್ಲಿ ಆದಷ್ಟು ಅವಮಾನ ನನಗೆ ಎಲ್ಲೂ ಆಗಿಲ್ಲ.

೧. ಸಾಯಲು ಪುರುಸೊತ್ತಿಲ್ಲ

ಮೊದಲು ನಮ್ಮೂರ ವಿಷಯ. ಊರ ಹೆಸರು ಬರೆಯುವುದಿಲ್ಲ. ಬರೆದರೆ ಸುತ್ತಲ ಹತ್ತು ಊರಿನವರು ‘ನಮ್ದೂ ಇದೇ ಕತೆ, ನಮ್ಮೂರ ಯಾಕೆ ಬಿಟ್ಟೆ’ ಅಂತ ಮನೆ ಮುಂದೆ ನಿಲ್ಲುತ್ತಾರೆ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಹೊಳೆ ದಂಡೆಯ ಒಂದು ಊರು ಅಂದುಕೊಳ್ಳಿ. ನಮ್ಮ ಕೇರಿಯ ಸ್ಮಶಾನ ಹೊಳೆ ಪಕ್ಕದಲ್ಲಿದೆ. ಕೇರಿಗೂ ಸ್ಮಶಾನಕ್ಕೂ ನಡುವೆ ಒಬ್ಬ ಯಜಮಾನರ ಜಮೀನಿದೆ. ಮುತ್ತಾತನ ಕಾಲದಿಂದ ನಾವು ಹೆಣ ಹೊತ್ತುಕೊಂಡು ಆ ಜಮೀನಿನ ಬದುವಿನ ಮೇಲೇ ಹೋಗುತ್ತಿದ್ದೆವು. ಹನ್ನೊಂದು ವರ್ಷದ ಹಿಂದೆ ಯಜಮಾನರು ತಂತಿ ಬೇಲಿ ಹಾಕಿದರು. ಅಂದಿನಿಂದ ನಮ್ಮವರು ಸತ್ತರೆ ನಾಲೆ ಏರಿಯ ಪಕ್ಕ, ಒಡೆದ ಮನೆಗಳ ಕಲ್ಲುಮಣ್ಣನ್ನು ಲಾರಿಗಳು ತಂದು ಸುರಿಯುವ ಜಾಗದಲ್ಲಿ ಹೂಳುತ್ತೇವೆ.

ನಾನು ಅರ್ಜಿ ಹಾಕಿದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾನೂನು ಕಲಿತದ್ದು ಕಚೇರಿ ಮುಂದೆ ಅರ್ಜಿ ಬರೆಯುವವರ ಬೆಂಚಿನ ತುದಿಯಲ್ಲಿ ಕೂತು. ಅರ್ಜಿ ಹೋಗಿ ಮೂರು ವರ್ಷಕ್ಕೆ ಕಂದಾಯ ಇಲಾಖೆಯ ಆರ್‌ಐ ಸಾಹೇಬರು ಸ್ಥಳ ತನಿಖೆಗೆ ಬಂದರು. ಅಷ್ಟರಲ್ಲಿ ಬದುವಿನ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅವರು ಬೇಲಿಯ ಈಚೆಯಿಂದಲೇ ಬಗ್ಗಿ ನೋಡಿ ಬರೆದುಕೊಂಡರು: ‘ಸ್ಥಳದಲ್ಲಿ ಯಾವುದೇ ಕಾಲುದಾರಿ ಕಂಡುಬರುವುದಿಲ್ಲ. ಜನ ಓಡಾಡಿದ ಕುರುಹು ಇರುವುದಿಲ್ಲ.’

‘ಬೇಲಿ ಆಕವ್ರಲ್ಲ ಸಾ, ಓಡಾಡೋದು ಎಂಗೆ?’ ಅಂದೆ.

‘ಓಡಾಡೋ ದಾರಿ ಆಗಿದ್ರೆ ಬೇಲಿ ಯಾಕ್ರೀ ಹಾಕ್ತಿದ್ರು?’ ಅಂದರು.

ಈ ದಾರಿ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದದ್ದು ನಮ್ಮ ಬೀದಿಯ ದೊಡ್ಡಪ್ಪನಿಗೆ. ಎಂಬತ್ತು ದಾಟಿದೆ. ಹೆಂಡತಿ ಬೇಲಿಗಿಂತ ಮೊದಲೇ ಹೋದವಳು, ಹೊಳೆ ಪಕ್ಕದಲ್ಲಿ ಮಲಗಿದ್ದಾಳೆ. ಅವಳ ಎಡಗಡೆ ತನಗೆ ಅಂತ ಆರಡಿ ಜಾಗ ಬಿಟ್ಟು, ಗುರುತಿಗೆ ಒಂದು ಕಲ್ಲು ನೆಟ್ಟು ಬಂದಿದ್ದಾನೆ. ಕಲ್ಲುಮಣ್ಣಿನ ಗುಡ್ಡೆಯಲ್ಲಿ ಮಲಗಲು ಅವನು ತಯಾರಿಲ್ಲ. ದಿನಾ ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾನೆ.

‘ದಾರಿ ಆಯ್ತೇನ್ಲಾ?’

‘ಇಲ್ಲ ದೊಡ್ಡಪ್ಪ.’

‘ಸರಿ ಬುಡು. ಅಂಗಾರೆ ಇವತ್ತೂ ಸಾಯಲ್ಲ.’

೨. ಒಳ್ಳೇ ನಡತೆ

ನಮ್ಮ ಬೇಲಿಯ ಸುದ್ದಿ ಯಾರ ಬಾಯಿಂದ ಯಾರ ಕಿವಿಗೆ ಹೋಯಿತೋ, ನಾರ್ವೆಯ ಒಂದು ಸಣ್ಣ ಊರಿನ ರೈತರ ಸಂಘ ನನ್ನನ್ನು ಕರೆಯಿತು. ದಾರಿ ಕಳೆದುಕೊಂಡವರು, ಜಮೀನು ಕಳೆದುಕೊಂಡವರು ನಾಲ್ಕು ದೇಶದಿಂದ ಬಂದು ಕೂತು ಮಾತಾಡಬೇಕಂತೆ. ಹದಿನೈದು ದಿನ. ಟಿಕೇಟು ಅವರದೇ. ಭಾಷೆಗೆ ನಮ್ಮ ಪಕ್ಕದ ಹದಿನಾರು ಅನ್ನುವ ಊರಿನ ಒಬ್ಬ ಹೆಣ್ಣುಮಗಳು ಅಲ್ಲಿ ನರ್ಸ್ ಆಗಿದ್ದಾಳೆ, ಅವಳೇ ಜೊತೆಗಿರುತ್ತಾಳೆ.

ಪಾಸ್‌ಪೋರ್ಟಿಗೆ ನಡತೆ ವಿಚಾರಿಸಲು ಠಾಣೆಯಿಂದ ದಫೇದಾರರು ಬಂದರು. ಫಾರಂ ತೊಡೆ ಮೇಲೆ ಇಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ನಿನ್ನ ನಾಕು ಸಲ ಧರಣಿಯಿಂದ ಎಬ್ಬಿಸಿ ನಾನೇ ವ್ಯಾನು ಹತ್ತಿಸಿದ್ದೀನಿ. ಒಂದು ಸಲಾನೂ ಓಡೋಗ್ಲಿಲ್ಲ. ಒಳ್ಳೇ ನಡತೆ ಅಂತಾನೇ ಬರೀಬೇಕು.’

ಬರೆದರು. ಕಾಫಿ ಕುಡಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಕಾಳಜಿಯಿಂದಲೇ ಕೇಳಿದರು: ‘ಹದಿನೈದೇ ದಿನಾನಾ? ಅಲ್ಲೇ ಇರಕ್ಕೆ ಏನೂ ದಾರಿ ಇಲ್ವಾ?’

ದೊಡ್ಡಪ್ಪನದು ಬೇರೆ ಚಿಂತೆ. ನಾನಿಲ್ಲದಾಗ ಅವನು ಸತ್ತರೆ ಬೇಲಿ ಮುಂದೆ ನಿಂತು ಕೇಳುವವರು ಇಲ್ಲ. ತಗೊಂಡು ಹೋಗಿ ಕಲ್ಲುಗುಡ್ಡೆಗೆ ಹಾಕುತ್ತಾರೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

‘ಎಷ್ಟು ದಿನ ಅಂದೆ?’

‘ಹದಿನೈದು.’

‘ಹದಿನೈದು ದಿನ ತಡ್ಕತೀನಿ. ಹದ್ನಾರ್ನೇ ದಿನ ನನ್ನ ಕೇಳ್ಬ್ಯಾಡ.’

೩. ಅರ್ಧ ದಿನದ ದೇಶ

ನಾರ್ವೆಗೆ ಹೋಗಬೇಕು ಅನ್ನುವವರಿಗೆ ಮೊದಲೇ ಹೇಳುತ್ತೇನೆ. ನವೆಂಬರಿನಲ್ಲಿ ಹೋಗಬೇಡಿ. ಅಲ್ಲಿ ಚಳಿ ಮೈಗೆ ಬರುವುದಿಲ್ಲ, ಮೂಳೆಗೆ ಬರುತ್ತದೆ. ನಾನು ನರಸೀಪುರದ ಸಂತೆಯಲ್ಲಿ ತೆಗೆದ ಸ್ವೆಟರು ಹಾಕಿಕೊಂಡು ಇಳಿದೆ. ನರ್ಸಮ್ಮ ಅದನ್ನು ಮುಟ್ಟಿ ನೋಡಿ, ‘ಅಣ್ಣ, ಇದನ್ನ ಇಲ್ಲಿ ಬನಿಯನ್ ಅಂತಾರೆ’ ಅಂದಳು.

ನಾನು ಉಳಿದದ್ದು ಸಂಘದ ಒಬ್ಬ ಮೇಷ್ಟ್ರಮ್ಮನ ಮನೆಯಲ್ಲಿ. ಪೆನ್ಷನ್ ಬಂದಿರುವ ಹೆಂಗಸು, ಒಬ್ಬಳೇ. ಮಧ್ಯಾಹ್ನ ಊಟವಾಗಿ ಸ್ವಲ್ಪ ಒರಗೋಣ ಅಂತ ಕಣ್ಣು ಮುಚ್ಚಿ ತೆರೆದರೆ ಹೊರಗೆ ಕತ್ತಲು. ಗಡಿಯಾರದಲ್ಲಿ ಮೂರೂವರೆ. ನಾನು ರಾತ್ರಿಯೆಲ್ಲ ಮಲಗಿ ಮಾರನೇ ಬೆಳಗಿನ ಜಾವ ಎದ್ದಿದ್ದೇನೆ ಅಂದುಕೊಂಡು ಹಲ್ಲುಜ್ಜಿದೆ. ಮೇಷ್ಟ್ರಮ್ಮ ಏನೂ ಅನ್ನಲಿಲ್ಲ. ಅಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಆ ಕತ್ತಲು ಮನುಷ್ಯನ ಎದೆ ಮೇಲೆ ಕೂರುತ್ತದೆ. ಮೂರು ದಿನಕ್ಕೆ ನನಗೆ ಸತ್ತವರೆಲ್ಲ ನೆನಪಾಗತೊಡಗಿದರು. ತಡೆಯಲಾರದೆ ಊರಿಗೆ ಫೋನು ಮಾಡಿ ದೊಡ್ಡಪ್ಪನಿಗೆ ಕೊಡಿಸಿದೆ.

‘ಇದ್ದೀಯಾ ದೊಡ್ಡಪ್ಪ?’

‘ಇವ್ನಿ ಕಣ್ಲಾ. ಅಲ್ಲೆಂಗೈತೆ?’

‘ಮಧ್ಯಾನ ಮೂರು ಗಂಟೆಗೇ ಹೊತ್ತು ಮುಳುಗ್ತದೆ.’

ದೊಡ್ಡಪ್ಪ ಜೀವಮಾನವೆಲ್ಲ ಕಂಡವರ ಗದ್ದೆಯಲ್ಲಿ ಬಗ್ಗಿದ ಮನುಷ್ಯ. ಕೇಳಿದ: ‘ಅಂಗಾರೆ ಕೂಲೀನೂ ಅರ್ಧ ದಿನದ್ದೇ ಕೊಡ್ತಾರಾ?’

೪. ಸಮಾನತೆ

ಒಂದು ದಿನ ನರ್ಸಮ್ಮನ ಜೊತೆ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಅವನ ಪಕ್ಕದಲ್ಲಿ ಹೋಗಿ ನಿಂತೆ. ಅವನು ಎರಡು ಹೆಜ್ಜೆ ಆಚೆ ಸರಿದ. ನಾನು ಹತ್ತಿರ ಹೋದೆ. ಮತ್ತೆ ಎರಡು ಹೆಜ್ಜೆ ಸರಿದ.

ನನಗೆ ರಕ್ತ ತಲೆಗೇರಿತು. ಈ ಸರಿಯುವಿಕೆ ನನಗೆ ಹೊಸದಲ್ಲ. ಹೋಟೆಲಿನ ಬೆಂಚಿನಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ, ಶಾಲೆಯ ಚಾಪೆಯಲ್ಲಿ ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಇದಕ್ಕೋಸ್ಕರ ಹೊಡೆದಾಡಿದ್ದೇನೆ, ಹೊಡೆಸಿಕೊಂಡಿದ್ದೇನೆ. ಏಳು ಸಮುದ್ರ ದಾಟಿ ಬಂದರೆ ಇಲ್ಲೂ ಅದೇ. ನರ್ಸಮ್ಮನನ್ನು ತಿರುಗಿ ಕೇಳಿದೆ.

‘ಇವ್ನಿಗೆ ಎಂಗೆ ಗೊತ್ತಾಯ್ತಮ್ಮ ನಾನು ಯಾರು ಅಂತ? ಕೇಳು. ಈಗ್ಲೇ ಕೇಳು.’

‘ಅಣ್ಣ, ಸುಮ್ನೆ ನಿಂತ್ಕೊಂಡು ಆ ಕಡೆ ನೋಡಿ.’

ನೋಡಿದೆ. ಬಸ್‌ಸ್ಟಾಪಿನಲ್ಲಿ ಎಂಟು ಜನ ಇದ್ದರು. ಒಬ್ಬರಿಂದ ಒಬ್ಬರಿಗೆ ಒಂದೊಂದು ಮಾರು ಅಂತರ, ನಾಟಿ ಮಾಡುವಾಗ ಹಗ್ಗ ಕಟ್ಟಿ ಅಳೆದ ಹಾಗೆ. ಒಬ್ಬ ಹೊಸಬ ಬಂದ, ಎಲ್ಲರೂ ಒಂದೊಂದು ಹೆಜ್ಜೆ ಸರಿದು ಅವನಿಗೂ ಅಷ್ಟೇ ಅಂತರ ಮಾಡಿಕೊಟ್ಟರು. ಗಂಡ ಹೆಂಡತಿಯೂ ಇದ್ದರು, ಅವರ ನಡುವೆ ಮಾತ್ರ ಅರ್ಧ ಮಾರು.

ನಮ್ಮಲ್ಲಿ ಕೆಲವರನ್ನು ದೂರ ಇಡುತ್ತಾರೆ. ಅಲ್ಲಿ ಎಲ್ಲರನ್ನೂ ಸಮವಾಗಿ ದೂರ ಇಡುತ್ತಾರೆ. ಐವತ್ತೆರಡು ವರ್ಷದ ಬಾಳಿನಲ್ಲಿ ನಾನು ಮೊದಲ ಸಲ ಜನರಲ್ ಕೆಟಗರಿಯಲ್ಲಿ ನಿಂತೆ. ಬಸ್ಸು ಬರುವವರೆಗೆ ಯಾರೂ ನನ್ನ ಜೊತೆ ಮಾತಾಡಲಿಲ್ಲ.

೫. ಧರಣಿ ಹಾಳಾದದ್ದು

ಮೇಷ್ಟ್ರಮ್ಮನ ಓಣಿಯಲ್ಲಿ ಒಂದು ಬೀದಿದೀಪ ಕೆಟ್ಟಿತ್ತು. ಮೂರು ಗಂಟೆಗೆ ಕತ್ತಲಾಗುವ ಊರಲ್ಲಿ ದೀಪ ಕೆಡುವುದು ಸಣ್ಣ ಮಾತಲ್ಲ. ಕೈ ತುರಿಸುತ್ತಿತ್ತು ನನಗೆ. ಇವರಿಗೆ ಹೋರಾಟ ಅಂದರೆ ಏನು ಅಂತ ತೋರಿಸಿಯೇ ಹೋಗೋಣ ಅಂತ ನರ್ಸಮ್ಮನಿಂದ ಅರ್ಜಿ ಬರೆಸಿದೆ. ‘ಇಪ್ಪತ್ನಾಲ್ಕು ಗಂಟೆಯಲ್ಲಿ ಕ್ರಮ ಕೈಗೊಳ್ಳದಿದ್ದರೆ ಉಗ್ರ ಹೋರಾಟ’ ಅಂತ ಕೊನೆಗೆ ಸೇರಿಸಿದೆ. ಆ ಮಾತಿಗೆ ಅವರ ಭಾಷೆಯಲ್ಲಿ ಏನು ಬರೆದಳೋ ಗೊತ್ತಿಲ್ಲ.

ಅರ್ಜಿ ಕೊಟ್ಟು, ಕಾಯುವುದು ಯಾಕೆ ಅಂತ ನಗರಸಭೆಯ ಮೆಟ್ಟಿಲ ಮೇಲೆ ಆಗಲೇ ಕೂತುಬಿಟ್ಟೆ. ಹತ್ತು ನಿಮಿಷಕ್ಕೆ ಒಬ್ಬ ಹುಡುಗಿ ಬಂದು ಒಂದು ಕಂಬಳಿ ಕೊಟ್ಟು ಹೋದಳು. ಇನ್ನೊಬ್ಬ ಕಾಫಿ ತಂದ. ಆಮೇಲೆ ಅಧಿಕಾರಿಯೇ ಬಂದು ನನ್ನ ಪಕ್ಕ, ಒಂದು ಮಾರು ದೂರದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತ. ದೀಪದ ವಿಷಯ ತಿಳಿಸಿದ್ದಕ್ಕೆ ನಿಮಗೆ ಧನ್ಯವಾದ, ನಮ್ಮಿಂದ ತಪ್ಪಾಗಿದೆ, ಕ್ಷಮಿಸಿ ಅಂದ.

ಮೂವತ್ತು ವರ್ಷದಲ್ಲಿ ಒಬ್ಬ ಅಧಿಕಾರಿಯೂ ನನ್ನ ಹತ್ತಿರ ಕ್ಷಮೆ ಕೇಳಿರಲಿಲ್ಲ. ಅದಕ್ಕೆ ನಮ್ಮಲ್ಲಿ ಘೋಷಣೆಯೇ ಇಲ್ಲ.

‘ಏನು ಹೇಳಲಿ ಅಣ್ಣ ಅವರಿಗೆ?’ ಅಂದಳು ನರ್ಸಮ್ಮ.

‘ಕಾಫಿಗೆ ಸಕ್ಕರೆ ಕಮ್ಮಿ ಅಂತ ಯೋಳು. ಏನಾರ ಒಂದು ಕುಂದು ಇರ್ಲಿ.’

ನಾವು ಮನೆ ತಲುಪುವಷ್ಟರಲ್ಲಿ ದೀಪ ಉರಿಯುತ್ತಿತ್ತು. ಅದರ ಕೆಳಗೆ ನಿಂತು ನಾನು ಸಿಟ್ಟಿನಿಂದ ಅತ್ತೆ. ಮೂವತ್ತು ವರ್ಷ ಕಚೇರಿಗೆ ಅಲೆದು ಕಲಿತ ವಿದ್ಯೆಯೆಲ್ಲ ಒಂದು ಬಲ್ಬಿಗೆ ದಂಡವಾಯಿತು.

೬. ನಡೆದವರ ದಾರಿ

ಒಂದು ಭಾನುವಾರ ಮೇಷ್ಟ್ರಮ್ಮ ನಮ್ಮನ್ನು ಗುಡ್ಡದ ಕಡೆ ನಡೆಸಿಕೊಂಡು ಹೋದಳು. ಒಂದು ಬೇಲಿ ಬಂತು. ನನ್ನ ಕಾಲು ತಾನಾಗಿ ನಿಂತಿತು. ಅವಳು ಬೇಲಿಯ ಸಣ್ಣ ಗೇಟು ತೆಗೆದು ಒಳಗೆ ಹೋಗಿ, ನಾವು ದಾಟಿದ ಮೇಲೆ ಜೋಪಾನವಾಗಿ ಮುಚ್ಚಿದಳು.

‘ಈ ಜಮೀನು ಯಾರ್ದು?’ ಅಂತ ಕೇಳಿಸಿದೆ.

ಅಗೋ ಅವನದು ಅಂತ ತೋರಿಸಿದಳು. ದೂರದಲ್ಲಿ ಟ್ರ್ಯಾಕ್ಟರಿನ ಹತ್ತಿರ ಒಬ್ಬ ನಿಂತಿದ್ದ. ನಮ್ಮನ್ನು ನೋಡಿ ಕೈ ಎತ್ತಿದ. ಕಲ್ಲು ಬಂತು ಅಂತ ನಾನು ತಲೆ ತಗ್ಗಿಸಿ ಕೂತೆ. ಅವನು ಬರೀ ಕೈ ಬೀಸಿ ನಮಸ್ಕಾರ ಹೇಳಿದ್ದ. ಹುಲ್ಲಿನಲ್ಲಿ ಕೂತ ನನ್ನನ್ನು ನೋಡಿ ಮೇಷ್ಟ್ರಮ್ಮ, ಸುಸ್ತಾಯಿತೇ ಅಂತ ಕೇಳಿದಳು. ಹೌದು ಅಂದೆ. ಅದು ಸುಳ್ಳೂ ಅಲ್ಲ.

ಅಲ್ಲಿಯ ಕಾನೂನು ಹಾಗೆ. ಕಾಡು, ಗುಡ್ಡ, ದನ ಮೇಯುವ ಬಯಲು ಯಾರದೇ ಆಗಿರಲಿ, ಯಾರು ಬೇಕಾದರೂ ನಡೆಯಬಹುದು. ಬೆಳೆ ಬೆಳೆಯುವ ಹೊಲಕ್ಕೆ ಮಾತ್ರ ಕಾಲಿಡುವಂತಿಲ್ಲ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಬಿದ್ದರೆ ಅದೂ ಸರಿ, ದಾಟಬಹುದು. ನಾವು ನಡೆಯುತ್ತಿದ್ದದ್ದು ಒಂದಡಿ ಅಗಲದ ಕಾಲುದಾರಿ. ಇದನ್ನು ಯಾರು ಮಂಜೂರು ಮಾಡಿದ್ದು ಅಂತ ಕೇಳಿದೆ. ಮೇಷ್ಟ್ರಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂರು ಸಲ ಬಿಡಿಸಿ ಕೇಳಿದ ಮೇಲೆ, ‘ನಡೆದವರು’ ಅಂದಳು. ‘ದಿನಾ ನಡೆದರೆ ಹುಲ್ಲು ಸಾಯುತ್ತದೆ, ದಾರಿ ಹುಟ್ಟುತ್ತದೆ. ನಡೆಯುವುದು ಬಿಟ್ಟರೆ ಎರಡು ಬೇಸಿಗೆಗೆ ಹುಲ್ಲು ನುಂಗುತ್ತದೆ.’

ಇದನ್ನು ಹೇಳುವುದಕ್ಕೆ ನಾರ್ವೆಯೇ ಬೇಕಿತ್ತೇ? ಆದರೂ ಆ ಸಂಜೆ ದೊಡ್ಡಪ್ಪನಿಗೆ ಫೋನು ಮಾಡಿ ಒಂದೂ ಬಿಡದೆ ಹೇಳಿದೆ. ಅವನು ಗಮನವಿಟ್ಟು ಕೇಳಿದ.

‘ಬದುಕಿರೋರು ನಡೀಬೋದು ಅಂದ್ಯಲ್ಲ, ಸರಿ. ಸತ್ತೋರು ಓಗ್ಬೋದಾ ಕೇಳು.’

ಕೇಳಿಸಿದೆ. ಮೇಷ್ಟ್ರಮ್ಮ ಬಹಳ ಹೊತ್ತು ಯೋಚನೆ ಮಾಡಿದಳು. ಎದ್ದು ಹೋಗಿ ಒಂದು ಪುಸ್ತಕ ತೆಗೆದು ನೋಡಿದಳು. ಕೊನೆಗೆ, ಸತ್ತವರು ಇದುವರೆಗೆ ಯಾರೂ ಕೇಳಿಲ್ಲವಂತೆ ಅಂತ ನರ್ಸಮ್ಮ ಹೇಳಿದಳು.

೭. ಹವಾಮಾನ

ಹದಿನೈದನೇ ದಿನ ಊರಿಗೆ ಬಂದೆ. ದೊಡ್ಡಪ್ಪ ಮಾತು ಉಳಿಸಿಕೊಂಡಿದ್ದ, ಸತ್ತಿರಲಿಲ್ಲ. ಮಾರನೇ ದಿನವೇ ಟೀ ಅಂಗಡಿಯಲ್ಲಿ ಜಮೀನಿನ ಯಜಮಾನರು ಸಿಕ್ಕಿದರು. ಜನ ತುಂಬಿದ್ದರು. ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ ಅಂತ ನಿಂತುಕೊಂಡೇ ಶುರು ಮಾಡಿದೆ. ಮನುಷ್ಯರು ಬದುಕುವ ದೇಶ ಹೇಗಿರುತ್ತೆ, ಅಲ್ಲಿಯ ಜಮೀನ್ದಾರ ಬೇಲಿಯಲ್ಲಿ ಗೇಟು ಇಟ್ಟು ಹೇಗೆ ಕೈ ಬೀಸುತ್ತಾನೆ, ಕಾನೂನು ಏನು ಹೇಳುತ್ತೆ, ಎಲ್ಲ ಹೇಳಿದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ಅದೇ ನನ್ನ ದರಿದ್ರ. ಬೆಳೆ ಮತ್ತು ಹಿಮದ ವಿಷಯವನ್ನೂ ಹೇಳಿಬಿಟ್ಟೆ.

ಯಜಮಾನರು ಟೀ ಲೋಟ ಕೆಳಗಿಟ್ಟರು.

‘ಬೆಳೆ ಹೊಲದಲ್ಲಿ ಹಿಮ ಬಿದ್ರೆ ಓಡಾಡ್ಬೋದು ಅಂತಾನಾ ಕಾನೂನು?’

‘ಹೂಂ. ಅಂಗೇ ಇರೋದು.’

‘ಒಳ್ಳೆ ಕಾನೂನು ಕಣಯ್ಯ. ನಾನು ಒಪ್ತೀನಿ. ನಮ್ಮೂರಲ್ಲಿ ಹಿಮ ಬಿದ್ದ ದಿನ ನಾನೇ ನಿಂತು ಬೇಲಿ ಕೀಳಿಸ್ತೀನಿ.’

ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಮ್ಮ ಕೇರಿಯವರೂ ನಕ್ಕರು. ನನಗೂ ನಗು ತಡೆಯಲಿಲ್ಲ, ಅದಕ್ಕೇ ಹೆಚ್ಚು ಸಿಟ್ಟು ಬಂತು. ಆ ವಾರವೆಲ್ಲ ಬೀದಿಯಲ್ಲಿ ಹೋದರೆ ಮಕ್ಕಳು ಆಕಾಶ ನೋಡಿ, ‘ಅಣ್ಣ, ಮೋಡ ಆಗೈತೆ’ ಅನ್ನುತ್ತಿದ್ದವು.

೮. ತಾರೀಕು ತಿಳಿಸಿ

ದೊಡ್ಡಪ್ಪ ಮಾತ್ರ ನಗಲಿಲ್ಲ. ಅವನು ಬೇರೆ ಕೆಲಸ ಶುರು ಮಾಡಿದ್ದ. ನಾನು ನಾರ್ವೆಯಿಂದ ಕಾಲುದಾರಿಯ ವಿಷಯ ಫೋನು ಮಾಡಿದ ಮಾರನೇ ಬೆಳಿಗ್ಗೆಯಿಂದಲೇ ಊರುಗೋಲು ಹಿಡಿದು, ತಂತಿಯ ಕೆಳಗೆ ಮಲಗಿ ನುಸುಳಿ, ಬದುವಿನ ಮೇಲೆ ನಡೆದು ಹೊಳೆ ಪಕ್ಕಕ್ಕೆ ಹೋಗುವುದು. ಹೆಂಡತಿಯ ಗುಂಡಿ ಪಕ್ಕ ಒಂದು ಬೀಡಿ ಸೇದುವುದು. ಅದೇ ದಾರಿಯಲ್ಲಿ ವಾಪಸ್ಸು. ಯಜಮಾನರ ಆಳುಗಳು ಕೇಳಿದರೆ ‘ಅಣ್ಣೆಸೊಪ್ಪು ಕೀಳಕ್ಕೆ ಬಂದೆ ಕಣಪ್ಪ’ ಅನ್ನುತ್ತಿದ್ದ. ಸೊಪ್ಪು ಕಿತ್ತರೆ ಕಳೆ ತೆಗೆದ ಹಾಗಾಯಿತು, ಮುದುಕ ಪುಕ್ಕಟೆ ದುಡಿಯುತ್ತಿದ್ದಾನೆ ಅಂತ ಅವರೂ ಬಿಟ್ಟಿದ್ದರು.

ಎರಡು ಹೊತ್ತು, ಮಳೆಯಾಗಲಿ ಬಿಸಿಲಾಗಲಿ ತಪ್ಪಿಸಲಿಲ್ಲ. ಅವನ ಮೊಣಕಾಲು ಊದಿಕೊಂಡಿತು. ಬೇಡ ಬಿಡು ಅಂದರೆ, ‘ಸತ್ಮೇಲೆ ಒತ್ಕಂಡೋಯ್ತೀರಲ್ಲ, ಆಗ ರೆಸ್ಟು’ ಅನ್ನುತ್ತಿದ್ದ. ಐದು ತಿಂಗಳಾದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಬದುವಿನ ಉದ್ದಕ್ಕೂ ಹುಲ್ಲು ಸತ್ತು ಕೆಂಪು ಮಣ್ಣಿನ ಗೆರೆ ಬಿದ್ದಿತ್ತು. ಒಂದಡಿ ಅಗಲ. ಪಕ್ಕದಲ್ಲೇ ಅವನ ಊರುಗೋಲಿನ ಗುಳಿಗಳು, ಹೊಲಿಗೆ ಹಾಕಿದ ಹಾಗೆ.

ನಾನು ಆ ಸಂಜೆಯೇ ಹೊಸ ಅರ್ಜಿ ಬರೆದೆ. ಕೆಲವು ತಿಂಗಳು ಕಳೆದು ಅದೇ ಆರ್‌ಐ ಸಾಹೇಬರು ಬಂದರು. ಈ ಸಲ ಬೇಲಿಯ ಈಚೆಯಿಂದಲೇ ದಾರಿ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಟೇಪು ತೆಗೆಸಿ ಅಳೆಸಿದರು.

‘ದಾರಿ ಇದೆಯಲ್ರೀ’ ಅಂದರು, ಯಾರೋ ತಮಗೆ ಮೋಸ ಮಾಡಿದ ಹಾಗೆ. ‘ಯಾರು ಓಡಾಡ್ತಾರೆ ಇಲ್ಲಿ?’

‘ನಾನೇಯ ಸಾ’ ಅಂದ ದೊಡ್ಡಪ್ಪ.

‘ನೀನೊಬ್ನೇನಾ? ಬೇರೆ ಯಾರೂ ಇಲ್ವಾ?’

‘ಇದು ಸತ್ತೋರ ದಾರಿ ಸಾ. ಅವರ ಕೈಲಿ ನಡ್ಯಕ್ಕಾಗಲ್ವಲ್ಲ, ಅದ್ಕೇ ಅವರ ಬದ್ಲು ನಾನು ನಡೀತಾವ್ನಿ.’

ಸಾಹೇಬರು ನಗಲಿಲ್ಲ. ಅದನ್ನೂ ಬರೆದುಕೊಂಡರು. ದೊಡ್ಡಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು ಜೀಪು ಹತ್ತಿದರು. ಆ ರಾತ್ರಿ ಕೇರಿಯಲ್ಲಿ ಎಷ್ಟೋ ವರ್ಷದ ಮೇಲೆ ಜನ ಸ್ಮಶಾನದ ವಿಷಯ ಸಂತೋಷದಿಂದ ಮಾತಾಡಿದರು.

ತಿಂಗಳಿಗೆ ಉತ್ತರ ಬಂತು. ಜಗಲಿಯ ಮೇಲೆ ಕೂತು ದೊಡ್ಡಪ್ಪನಿಗೆ ಓದಿ ಹೇಳಿದೆ. ‘ಸ್ಥಳ ಪರಿಶೀಲಿಸಲಾಗಿ, ಸುಮಾರು ಒಂದು ಅಡಿ ಅಗಲದ ಕಾಲುದಾರಿ ಇರುವುದು ನಿಜವಿರುತ್ತದೆ. ಆದರೆ ಸದರಿ ದಾರಿಯನ್ನು ಜೀವಂತ ವ್ಯಕ್ತಿಯೊಬ್ಬರು ಬಳಸುತ್ತಿರುವುದು ವಿಚಾರಣೆಯಿಂದ ತಿಳಿದುಬಂದಿರುತ್ತದೆ. ಇತ್ತೀಚೆಗೆ ಯಾವುದೇ ಶವ ಸಾಗಿಸಿದ ಕುರುಹು ಕಂಡುಬಾರದ ಕಾರಣ ಇದನ್ನು ಸ್ಮಶಾನದ ದಾರಿ ಎಂದು ಪರಿಗಣಿಸಲು ಬರುವುದಿಲ್ಲ.’

ಕಾಗದ ಮಡಚಿ ಜೇಬಿಗೆ ತುರುಕಿದೆ. ನಾಳೆಯೇ ಹೋಗಿ ಕಚೇರಿ ಬಾಗಿಲಲ್ಲಿ ಮಲಗುತ್ತೇನೆ ಅಂತ ಕೂಗಾಡಿದೆ. ದೊಡ್ಡಪ್ಪ ಊದಿದ ಮೊಣಕಾಲು ಉಜ್ಜಿಕೊಳ್ಳುತ್ತಾ ಕೂತಿದ್ದ. ನಾನು ಕೂಗಿ ಮುಗಿಸುವವರೆಗೂ ಕಾದ.

‘ಅವರು ಕೇಳೋದ್ರಲ್ಲಿ ತಪ್ಪಿಲ್ಲ ಬುಡ್ಲಾ. ಹೆಣ ಓಗೋ ದಾರಿ ಅಂದ್ಮೇಲೆ ಒಂದಾರ ಹೆಣ ಓಗ್ಬೇಕಲ್ವಾ’ ಅಂದ. ‘ಒಂದು ಕೆಲ್ಸ ಮಾಡು. ಮುಂದ್ಲ ಸಲ ಸಾಯೇಬ್ರು ಬರೋ ತಾರೀಕ ಮೊದ್ಲೇ ಬರಸ್ಕೊಂಡು ಬಾ. ಅದ್ರ ಇಂದ್ಲ ದಿನ ನಾನು ಸಾಯ್ತೀನಿ. ಒತ್ತಾರೆ ಅವರು ಬರೋ ಒತ್ಗೆ ಸರಿಯಾಗಿ ಒತ್ಕಂಡೋಗಿ ತೋರ್ಸ್ಬುಡಿ.’

ಅವನು ತಮಾಷೆ ಮಾಡುತ್ತಿರಲಿಲ್ಲ. ಹೇಳಿದ ಮಾತು ನಡೆಸುವ ಮನುಷ್ಯ, ಅದನ್ನು ನಾನು ಹದಿನೈದು ದಿನ ನೋಡಿದ್ದೇನೆ. ಅರ್ಜಿ ಬರೆಸದೆ ಬಿಡಲಿಲ್ಲ ಅವನು, ಪಕ್ಕದಲ್ಲೇ ಕೂತು ಹೇಳಿದ: ಮರು ತನಿಖೆಗೆ ಬರುವ ದಿನಾಂಕವನ್ನು ಮುಂಚಿತವಾಗಿ ತಿಳಿಸಬೇಕಾಗಿ ಕೋರಿಕೆ.

ದಿನಾ ಬೆಳಿಗ್ಗೆ ಜಗಲಿಗೆ ಬರುತ್ತಾನೆ. ಪ್ರಶ್ನೆ ಈಗ ಬದಲಾಗಿದೆ.

‘ತಾರೀಕು ಬಂತೇನ್ಲಾ?’

ಅರ್ಜಿ ಕೊಟ್ಟು ಏಳು ತಿಂಗಳಾಯಿತು. ಕಚೇರಿಯಿಂದ ಒಂದು ಸಾಲು ಉತ್ತರವಿಲ್ಲ. ಮೂವತ್ತು ವರ್ಷ ಆ ಕಚೇರಿಯ ನಿಧಾನಕ್ಕೆ ಶಾಪ ಹಾಕಿದವನು ನಾನು. ಈಗ ಅದರ ಮುಂದೆ ಹಾದುಹೋಗುವಾಗ ಯಾರೂ ನೋಡದ ಹಾಗೆ ಒಂದು ಸಲ ಕೈ ಮುಗಿಯುತ್ತೇನೆ.